ಓರ್ಫಾ ಟ್ಯಾಕೆಟ್ ಒಪ್ಪದ ಲೆಕ್ಕ

ಓರ್ಫಾ ಟ್ಯಾಕೆಟ್ ಅವರ ಬಳಿ ಏನಾದರೂ ಕೇಳಲು ಹೋದವರ ಕೈ ಖಾಲಿ ಉಳಿಯುತ್ತಿರಲಿಲ್ಲ. ಪ್ರಶ್ನೆ ಸಣ್ಣದಿರಲಿ ದೊಡ್ಡದಿರಲಿ, ಕೇಳಿದವರು ಮಕ್ಕಳಿರಲಿ ಮುದುಕರಿರಲಿ, ಅವರು ಮೊದಲು ಸುತ್ತ ಒಮ್ಮೆ ಕಣ್ಣು ಹಾಯಿಸಿ, ಸುಲಿಯದ ಆಲೂಗಡ್ಡೆಯನ್ನೋ ನಾರು ತೆಗೆಯದ ಬೀನ್ಸನ್ನೋ ಒರೆಸದ ತಟ್ಟೆಯನ್ನೋ ಹುಡುಕಿ ಎದುರಿನವರ ಕೈಗೆ ಕೊಟ್ಟು, ಆಮೇಲೆ "ಹ್ಞಾ, ಈಗ ಹೇಳು" ಅನ್ನುತ್ತಿದ್ದರು. ಕೌಂಟಿಯ ಚುನಾವಣೆಗೆ ನಿಂತು ಮತ ಕೇಳಲು ಬಂದವನೊಬ್ಬ ಅವರ ಜಗಲಿಯಲ್ಲಿ ಕೂತು ಅರ್ಧ ಬುಟ್ಟಿ ಬಟಾಣಿ ಬಿಡಿಸಿ, ಮತದ ಮಾತು ಮರೆತು ಎದ್ದುಹೋಗಿದ್ದ. ವ್ಯಾಕ್ಯೂಮ್ ಕ್ಲೀನರ್ ಮಾರಲು ಬಂದವನು ತನ್ನ ಯಂತ್ರದಿಂದಲೇ ಚರ್ಚಿನ ನೆಲಮಾಳಿಗೆಯನ್ನೆಲ್ಲ ಗುಡಿಸಿ, ಏನನ್ನೂ ಮಾರಲಾಗದೆ, ಎರಡು ತುಂಡು ಸೇಬಿನ ಪೈ ತಿಂದು, ಧನ್ಯವಾದ ಬೇರೆ ಹೇಳಿ ಹೋಗಿದ್ದ. ಇದೆಂಥ ಅಭ್ಯಾಸವೆಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ಒದ್ದೆ ಚಮಚಗಳ ರಾಶಿಯನ್ನು ನನ್ನತ್ತ ತಳ್ಳಿ ಹೇಳಿದರು: "ಇಷ್ಟು ಚಮಚ ಒರೆಸಿದ ಮೇಲೂ ಕೇಳ್ಬೇಕು ಅನ್ನಿಸಿದ್ರೆ, ಅದು ಕೇಳೋಕೆ ಯೋಗ್ಯವಾದ ಪ್ರಶ್ನೆ ಕಣೆ ರೆಟ್ಟಾ."

ಕೆಂಟಕಿಯ ಗುಡ್ಡಗಳ ನಡುವೆ, ಕೇನ್ ಲಿಕ್ ಹಳ್ಳದ ದಂಡೆಯ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರು ಎರಡು ಹುದ್ದೆಗಳನ್ನು ನಡೆಸುತ್ತಿದ್ದರು. ಒಂದು, ನೆಲಮಾಳಿಗೆಯ ಅಡಿಗೆಮನೆ. ಇನ್ನೊಂದು, ಮೇಲಿನ ಮಹಡಿಯಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳ ಭಾನುವಾರದ ಪಾಠಶಾಲೆ. ಎರಡಕ್ಕೂ ಸಂಬಳವಿರಲಿಲ್ಲ. ಎರಡನೆಯದಕ್ಕೆ ಗೌರವವಾದರೂ ಇತ್ತು. ಮೊದಲನೆಯದನ್ನು ಯಾರೂ ಹುದ್ದೆಯೆಂದು ಎಣಿಸಿರಲಿಲ್ಲ.

ಅವರ ನಡಿಗೆಯನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಲುಬು ಊದಿಕೊಂಡಿದ್ದರಿಂದ ಆ ಕಾಲಿನ ಬೂಟಿನ ಪಕ್ಕವನ್ನು ಬ್ಲೇಡಿನಿಂದ ಸೀಳಿಕೊಂಡಿದ್ದರು. ನಡೆಯುವಾಗ ಒಂದು ಹೆಜ್ಜೆ ಗಟ್ಟಿಯಾಗಿ, ಒಂದು ಹೆಜ್ಜೆ ಪಟಪಟನೆ ಬಡಿಯುತ್ತಿತ್ತು. ಭಾನುವಾರದ ಹೂವಿನ ಲಂಗದ ಮೇಲೆ ಗಂಡ ಡಾರ್ಸಿ ಕೊಟ್ಟಿಗೆಗೆ ಹಾಕಿಕೊಳ್ಳುತ್ತಿದ್ದ ಹಳೆಯ ಕಂದು ಕೋಟು. ಪ್ರಾರ್ಥನೆಯ ಹಾಲಿಗೆ ಬಿಸಿಗಾಳಿಯ ಒಲೆ ಹಾಕಿಸಲು ಸಭೆಗೆ ಹಣ ಸಿಕ್ಕಿತ್ತು, ಅಡಿಗೆಮನೆಗೆ ಸಿಕ್ಕಿರಲಿಲ್ಲ. ದೇವರೆದುರು ಇಂಥ ಕೋಟಿನಲ್ಲೇ ಎಂದು ಯಾರಾದರೂ ಮೂಗು ಮುರಿದರೆ ಅವರು "ಅದೂ ಒಂದು ಮಾತು" ಅನ್ನುತ್ತಿದ್ದರು. ಅವರ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಮಾತು ಇದೇ. ಒಪ್ಪಿದಾಗಲೂ ಇದೇ, ಒಪ್ಪದಿದ್ದಾಗಲೂ ಇದೇ. ಯಾವುದೆಂದು ತಿಳಿಯಲು ಅವರ ಹುಬ್ಬು ನೋಡಬೇಕಿತ್ತು, ಹುಬ್ಬು ಸಾಮಾನ್ಯವಾಗಿ ಉಗಿಯ ಹಿಂದೆ ಇರುತ್ತಿತ್ತು.

ಚರ್ಚಿನ ಊಟದ ಸಾಲಿನಲ್ಲಿ ಪಾಸ್ಟರ್ ಮೊದಲು, ಹಿರಿಯ ಸೇವಕರಾದ ಡೀಕನ್ನರು ಆಮೇಲೆ, ಉಳಿದ ಗಂಡಸರು, ಮಕ್ಕಳು, ಕೊನೆಗೆ ಬೇಯಿಸಿದ ಹೆಂಗಸರು. ಹೆಂಗಸರ ಸರದಿ ಬರುವ ಹೊತ್ತಿಗೆ ಕೋಳಿಯಲ್ಲಿ ಉಳಿಯುತ್ತಿದ್ದದ್ದು ಬೆನ್ನು, ಕುತ್ತಿಗೆ. ಓರ್ಫಾ ಈ ಕ್ರಮವನ್ನು ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ. ಆದರೆ ಊಟದ ಕೋಣೆಗೆ ತಟ್ಟೆಗಳು ಹೋಗುವ ಮೊದಲು ಒಂದು ದೊಡ್ಡ ಪಾತ್ರೆಯ ತುಂಬ ಒಳ್ಳೆಯ ತೊಡೆಯ ತುಂಡುಗಳು ಮುಚ್ಚಿದ ಒವನ್ನಿನೊಳಗೆ ಸೇರಿರುತ್ತಿದ್ದವು. "ಇದೇನು ಮಿಸ್ ಓರ್ಫಾ" ಎಂದರೆ, "ಇದು ದಶಮಾಂಶ, ದೇವರಿಗೆ ಎತ್ತಿಡೋ ಹತ್ತನೇ ಪಾಲು" ಅನ್ನುತ್ತಿದ್ದರು. ಅಡಿಗೆಮನೆಯ ಹೆಂಗಸರೆಲ್ಲ ನಿಂತುಕೊಂಡೇ, ಬೆರಳು ನೆಕ್ಕುತ್ತಾ, ಆ ದಶಮಾಂಶವನ್ನು ತಿನ್ನುತ್ತಿದ್ದರು. ನನ್ನ ಅಮ್ಮನೂ ಅವರಲ್ಲೊಬ್ಬಳು. ಅಮ್ಮ ತೊಳೆಯುತ್ತಿದ್ದಳು, ಓರ್ಫಾ ಒರೆಸುತ್ತಿದ್ದರು. ನನಗೆ ಒಂಬತ್ತು ತುಂಬಿದ ಚಳಿಗಾಲದಲ್ಲಿ ಅಮ್ಮ ನ್ಯುಮೋನಿಯಾದಿಂದ ತೀರಿಕೊಂಡಳು. ಮುಂದಿನ ಭಾನುವಾರ ತೊಳೆಯುವ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಓರ್ಫಾ ಒಬ್ಬರೇ ತೊಳೆದು ಒಬ್ಬರೇ ಒರೆಸಿದರು.

ಪಾಠ ಹೇಳುವುದರಲ್ಲಿಯೂ ಅವರದು ಅಡಿಗೆಮನೆಯ ರೀತಿಯೇ. ಜಲಪ್ರಳಯದ ಪಾಠವನ್ನು ಬೇರೆ ಶಿಕ್ಷಕಿಯರು ಬಟ್ಟೆಯ ಹಲಗೆಯ ಮೇಲೆ ಜೋಡಿ ಜೋಡಿ ಪ್ರಾಣಿಗಳನ್ನು ಅಂಟಿಸಿ ಹೇಳುತ್ತಿದ್ದರು. ಓರ್ಫಾ ನಮ್ಮನ್ನು ಚರ್ಚಿನ ಹಿಂದಿನ ಅವರ ಕೊಟ್ಟಿಗೆಗೆ ಕರೆದೊಯ್ದು, ಹಸುವಿನ ಹಿಂದೆ ನಿಲ್ಲಿಸಿ, ಕೈಗೆ ಬಕೆಟ್ ಕೊಟ್ಟರು.

"ಇದು ಒಂದು ಹಸುವಿಂದು, ಒಂದು ದಿನದ್ದು. ಈಗ ಇಡೀ ನಾವೆಯದ್ದು ಯೋಚಿಸಿ. ಒಂದು ವರ್ಷ. ಯಾರು ಬಾಚಿದ್ರು?"

"ನೋಹ" ಎಂದ ವಾಲ್ಟನ್, ನಮ್ಮ ತರಗತಿಯ ಜಾಣ.

"ಆರುನೂರು ವರ್ಷದ ಮುದುಕ?"

"ಹಾಗಾದ್ರೆ ಅವನ ಗಂಡುಮಕ್ಕಳು."

"ಡಾರ್ಸಿಗೆ ಮೂವರು ಗಂಡುಮಕ್ಕಳು ಹುಟ್ಟಿದಾರೆ ಕಣೋ ನನ್ನ ಹೊಟ್ಟೇಲಿ. ಈ ಬಕೆಟ್ ಯಾರ ಕೈಲಿದೆ ನೋಡು. ಗ್ರಂಥ ತೆಗೆದು ನೋಡಿ, ಗಂಡುಮಕ್ಕಳ ಹೆಸರು ಮೂರೂ ಇದೆ. ಹೆಂಡ್ತಿ, ಸೊಸೆಯರ ಹೆಸರು ಹುಡುಕಿ."

ನಾವು ಹುಡುಕಿದೆವು. ಸಿಗಲಿಲ್ಲ. "ಪಾಪ, ಹೆಸರು ಹೇಳೋಕೆ ಅವ್ರಿಗೆ ಪುರುಸೊತ್ತು ಇರ್ಲಿಲ್ಲ, ಬಕೆಟ್ ಹಿಡ್ಕೊಂಡಿದ್ರು" ಎಂದರು ಓರ್ಫಾ. ಇದನ್ನು ಅವರು ಅಪಹಾಸ್ಯಕ್ಕೆ ಹೇಳಿದ್ದಲ್ಲವೆಂಬುದನ್ನು ನಾನಿಲ್ಲಿ ಒತ್ತಿ ಹೇಳಬೇಕು. ಆ ನಾಲ್ವರು ಹೆಂಗಸರಿಗಾಗಿ ಅವರು ನಮ್ಮೆಲ್ಲರ ಕೈ ಜೋಡಿಸಿ, ಕೊಟ್ಟಿಗೆಯಲ್ಲೇ, ಒಂದು ಪ್ರಾರ್ಥನೆ ಮಾಡಿಸಿದರು. ಅವರ ಭಕ್ತಿಯಲ್ಲಿ ನಾಟಕವಿರಲಿಲ್ಲ.

ಅಮ್ಮ ಹೋದ ವರ್ಷವೇ ನಮ್ಮ ಚರ್ಚಿಗೆ ಬ್ರದರ್ ಲೋವೆಲ್ ಪ್ರುಯಿಟ್ ಹೊಸ ಪಾಸ್ಟರಾಗಿ ಬಂದರು. ತೆಳ್ಳಗಿನ ತರುಣ, ಮಾತಿನಲ್ಲಿ ಬೆಂಕಿ, ದನಿಯಲ್ಲಿ ಸದಾ ಒಂದು ನಡುಕ. ಅದೇ ವರ್ಷ ಕೌಂಟಿಯ ಶಾಲೆಗೆ ಹೊಸ ವಿಜ್ಞಾನದ ಪಠ್ಯಪುಸ್ತಕ ಬಂತು. ಭೂಮಿಗೆ ನಾನೂರು ಚಿಲ್ಲರೆ ಕೋಟಿ ವರ್ಷ, ನಮ್ಮ ಹಳ್ಳದ ಸುಣ್ಣಕಲ್ಲಿಗೆ ನಲವತ್ತೈದು ಕೋಟಿ ವರ್ಷ ವಯಸ್ಸೆಂದು ಅದರಲ್ಲಿತ್ತು. ಬ್ರದರ್ ಪ್ರುಯಿಟ್ ಪ್ರಾರ್ಥನೆಯ ಹಾಲಿನ ಗೋಡೆಗೆ ಒಂದು ಉದ್ದನೆಯ ಪಟವನ್ನು ತೂಗುಹಾಕಿದರು. ಮೊದಲ ಮನುಷ್ಯನಿಂದ ಹಿಡಿದು, ಇಂಥವನು ಇಷ್ಟನೇ ವಯಸ್ಸಿನಲ್ಲಿ ಇಂಥವನನ್ನು ಪಡೆದನು, ಅವನು ಇಷ್ಟನೇ ವಯಸ್ಸಿನಲ್ಲಿ ಇಂಥವನನ್ನು ಪಡೆದನು ಎಂದು ಅಪ್ಪಂದಿರ ವಯಸ್ಸುಗಳನ್ನು ಕೆಂಪು ಶಾಯಿಯಲ್ಲಿ ಕೂಡಿಸಿದ ಪಟ ಅದು. ಕೊನೆಯಲ್ಲಿ ಮೊತ್ತ: ಭೂಮಿಯ ವಯಸ್ಸು ಆರು ಸಾವಿರ ವರ್ಷ.

ನನ್ನ ಅಪ್ಪ ಸುಣ್ಣಕಲ್ಲಿನ ಗಣಿಯಲ್ಲಿದ್ದ. ಕಲ್ಲಿನೊಳಗಿನ ಚಿಪ್ಪುಗಳನ್ನೂ, ನಾವು ಮಣಿಗಳೆಂದು ದಾರಕ್ಕೆ ಪೋಣಿಸುತ್ತಿದ್ದ ಸಣ್ಣ ಸಣ್ಣ ಉಂಗುರದ ಕಲ್ಲುಗಳನ್ನೂ ಜೇಬಿನಲ್ಲಿ ತುಂಬಿ ತರುತ್ತಿದ್ದ. ಅವನ್ನು ನೋಡಿದವರೆಲ್ಲ ಆ ವರ್ಷ ಜಗಳವಾಡತೊಡಗಿದರು. ಕಟಿಂಗ್ ಶಾಪಿನಲ್ಲಿ ಜಗಳ, ಗೊಬ್ಬರದಂಗಡಿಯಲ್ಲಿ ಜಗಳ. ಕೊನೆಗೆ ಬ್ರದರ್ ಪ್ರುಯಿಟ್ ಕಾಲೇಜಿನಿಂದ ಭೂವಿಜ್ಞಾನದ ಪ್ರೊಫೆಸರ್ ವಿಯರ್ ಅವರನ್ನು ಕರೆಸಿ, ಶನಿವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಬಹಿರಂಗ ಚರ್ಚೆ ಏರ್ಪಡಿಸಿದರು. ಚರ್ಚೆಯೆಂದ ಮೇಲೆ ಊಟ, ಊಟವೆಂದ ಮೇಲೆ ಹೆಂಗಸರು. ಅವರು ಬೆಳಗಿನಿಂದ ಕೋಳಿ ಕರಿದರು, ಬೀನ್ಸ್ ಬೇಯಿಸಿದರು, ಮೆಕ್ಕೆಜೋಳದ ಬ್ರೆಡ್ ಸುಟ್ಟರು. ಗಂಡಸರು ಬಂದು ಕುರ್ಚಿಯೆಳೆದು ಕೂತರು.

ಚರ್ಚೆ ಕಾವೇರಿದಾಗ ಬ್ರದರ್ ಪ್ರುಯಿಟ್ ಅಡಿಗೆಮನೆಯ ಕಿಂಡಿಯತ್ತ ತಿರುಗಿ ವಿನಯದಿಂದಲೇ ಹೇಳಿದರು: "ಸಿಸ್ಟರ್ಸ್, ಪಾತ್ರೆ ಸದ್ದು ಸ್ವಲ್ಪ ಕಡಿಮೆ ಮಾಡ್ತೀರಾ? ಇಲ್ಲಿ ಸೃಷ್ಟಿಯ ವಿಷಯ ಮಾತಾಡ್ತಾ ಇದೀವಿ."

"ನಾವೂ ಅದೇ ಕೆಲಸದಲ್ಲಿದೀವಿ ಬ್ರದರ್" ಎಂದರು ಓರ್ಫಾ ಒಳಗಿನಿಂದ. "ನಿಮ್ಮ ಎಂಜಲು ತಟ್ಟೆಗಳು ನಾಳೆಗೆ ಹೊಸದಾಗಿ ಸೃಷ್ಟಿ ಆಗ್ಬೇಕಲ್ಲ."

ನಗು ಎದ್ದಿತು, ಪಾಸ್ಟರೂ ನಕ್ಕರು. ಆದರೆ ಆಮೇಲೆ ಬಂದ ಮಾತಿಗೆ ನಾನು ನಗಲಾರದೆ ಹೋದೆ. ಬ್ರದರ್ ಪ್ರುಯಿಟ್ ಗ್ರಂಥವನ್ನು ಎತ್ತಿ ಹಿಡಿದು, ಇದರ ಮೊದಲ ಪುಟ ಸುಳ್ಳಾದರೆ ಕೊನೆಯ ಪುಟವೂ ಸುಳ್ಳೇ, ಸ್ವರ್ಗವೂ ಸುಳ್ಳೇ, ನಮ್ಮ ಸತ್ತವರು ಮಣ್ಣಲ್ಲಿ ಮಣ್ಣೇ ಎಂದರು. ಪ್ರೊಫೆಸರ್ ವಿಯರ್ ಕನ್ನಡಕ ಒರೆಸುತ್ತಾ, ಪಾಸ್ಟರ್ ಹೇಳಿದ್ದು ತರ್ಕಬದ್ಧವಾಗಿದೆ, ಕಲ್ಲನ್ನು ನಂಬಬೇಕು ಇಲ್ಲವೇ ಪುಸ್ತಕವನ್ನು ನಂಬಬೇಕು, ಎರಡನ್ನೂ ಅಲ್ಲ ಎಂದರು. ಆ ಮಧ್ಯಾಹ್ನ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಇದೊಂದೇ ಮಾತಿನಲ್ಲಿ.

ನಾನು ಅಡಿಗೆಮನೆಗೆ ಹೋದೆ. ಓರ್ಫಾ ನನ್ನನ್ನು ನೋಡಿ, ಅಭ್ಯಾಸದಂತೆ, ಒಂದು ಒಣಬಟ್ಟೆಯನ್ನೂ ತಟ್ಟೆಯನ್ನೂ ಕೈಗಿತ್ತರು. ನಾನು ಮೂರು ತಟ್ಟೆ ಒರೆಸಿ, ಆಮೇಲೆ ಕೇಳಿದೆ: "ಅಪ್ಪ ತಂದ ಕಲ್ಲು ಹಳೇದಾಗಿದ್ರೆ, ಅಮ್ಮ ಎಲ್ಲೂ ಇಲ್ವಾ?"

ಅವರು ಕೈಯನ್ನು ನೀರಿನಿಂದ ಹೊರತೆಗೆಯಲಿಲ್ಲ.

"ಕಲ್ಲಿಗೆ ಎಷ್ಟು ವಯಸ್ಸು ಅಂತ ನಂಗೆ ಗೊತ್ತಿಲ್ಲ ಬಂಗಾರ. ನಿಮ್ಮಮ್ಮನ್ನ ಗೊತ್ತು. ಇಲ್ಲೇ ನಿಂತಿರ್ತಿದ್ಲು, ಕೀರ್ತನೆಯ ಸಾಲೆಲ್ಲ ತಪ್ಪುತಪ್ಪಾಗಿ ಹಾಡ್ತಿದ್ಲು. ಇವೆರಡೂ ಬೇರೆ ಬೇರೆ ಪ್ರಶ್ನೆ. ಎರಡನ್ನೂ ಸೇರಿಸಿ ಗಂಟು ಹಾಕಿದ್ದು ಆ ಇಬ್ಬರು ಗಂಡಸರು, ನೀನಲ್ಲ. ಬಿಚ್ಚೋ ಕೆಲಸ ಅವರದ್ದು. ನೀನು ಆ ದೊಡ್ಡ ತಟ್ಟೆ ಒರೆಸು."

ದೊಡ್ಡ ತಟ್ಟೆ ಒರೆಸಿದೆ. ಆ ಮಾತಿನಿಂದ ನನ್ನ ದುಃಖ ಹೋಯಿತೆಂದಲ್ಲ. ಆದರೆ ದುಃಖದ ಮೇಲೆ ಕೂತಿದ್ದ ಇನ್ನೊಂದು ಭಾರ, ಅಪ್ಪನ ಜೇಬಿನ ಕಲ್ಲು ನೋಡಿದಾಗೆಲ್ಲ ಎದೆಯಲ್ಲಿ ಏಳತೊಡಗಿದ್ದ ಆ ತಣ್ಣನೆಯ ಭಾರ, ಅವತ್ತು ಇಳಿಯಿತು. ಅಂಥ ಪ್ರಶ್ನೆಯನ್ನು ಕೇಳಲು ನಮ್ಮೂರಿನಲ್ಲಿ ನನಗಿದ್ದದ್ದು ಅದೊಂದೇ ಜಾಗ, ಅವರೊಬ್ಬರೇ. ಅದಕ್ಕೇ ಮುಂದೆ ನಡೆದದ್ದು ನನಗೆ ಅಷ್ಟು ದೊಡ್ಡದಾಗಿ ಕಂಡಿತು.

ಬುಧವಾರದ ಆಡಳಿತ ಸಭೆಯಲ್ಲಿ ಡೀಕನ್ನರು ಒಂದು ನಿರ್ಣಯ ಮಂಡಿಸಿದರು. ನಮ್ಮ ಚರ್ಚಿನಲ್ಲಿ ಏನೇ ನಿರ್ಧಾರವಾಗಬೇಕಾದರೂ ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಎಲ್ಲರೂ ಕೈ ಎತ್ತಬೇಕು. ಕಾರ್ಪೆಟ್ಟಿನ ಬಣ್ಣಕ್ಕೂ ಹೀಗೆಯೇ, ದೇವರ ವಿಷಯಕ್ಕೂ ಹೀಗೆಯೇ. ಈ ಚರ್ಚಿನ ಯಾವುದೇ ತರಗತಿಯ ಕೋಣೆಯಲ್ಲಿ ಪಾಠ ಹೇಳುವವರು, ಭೂಮಿಯ ವಯಸ್ಸು ಆರು ಸಾವಿರ ವರ್ಷವೆಂದು ಸಭೆಯ ಮುಂದೆ ಎದ್ದು ನಿಂತು ಹೇಳತಕ್ಕದ್ದು, ಹೇಳದವರು ಪಾಠ ಬಿಡತಕ್ಕದ್ದು: ಇದು ನಿರ್ಣಯ. ಅನುಮೋದನೆಯಾಯಿತು. ಕೈಗಳು ಎದ್ದವು. ಡೀಕನ್ನರ ಸಾಲಿನಲ್ಲಿ ಕೂತಿದ್ದ ಡಾರ್ಸಿ ಟ್ಯಾಕೆಟ್ ಅವರ ಕೈ ಎದೆಯವರೆಗೆ ಎದ್ದು ಅಲ್ಲೇ ನಿಂತಿತು.

"ಬ್ರದರ್ ಡಾರ್ಸಿ, ಅದು ಎತ್ತಿದ ಕೈಯೋ ಇಳಿಸಿದ ಕೈಯೋ?" ಎಂದರು ಎಣಿಸುತ್ತಿದ್ದ ಕಾರ್ಯದರ್ಶಿ ವಿರ್ಜಿಲ್ ಮ್ಯಾಗರ್ಡ್.

"ಭುಜ ನೋವು" ಎಂದರು ಡಾರ್ಸಿ, ಹೆಂಡತಿಯತ್ತ ನೋಡದೆ. "ಇದಕ್ಕಿಂತ ಮೇಲೆ ಹೋಗಲ್ಲ."

"ನಿನ್ನೆ ಹುಲ್ಲಿನ ಪೆಂಡಿ ಅಟ್ಟಕ್ಕೆ ಎಸೆಯುವಾಗ ಸರಿಯಾಗೇ ಇತ್ತು" ಎಂದರು ಓರ್ಫಾ, ಎಲ್ಲರಿಗೂ ಕೇಳುವಂತೆ.

ಶಿಕ್ಷಕರು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಓರ್ಫಾ ಅವರ ಸರದಿ ಬಂತು. ಅವರು ಆ ಕಂದು ಕೋಟಿನಲ್ಲೇ ಎದ್ದು ನಿಂತರು. ಗೋಡೆಯ ಪಟದ ಮುಂದೆ ಹೋಗಿ, ಮೇಲಿನಿಂದ ಕೆಳಗಿನವರೆಗೆ, ಅಂಗಡಿಯಲ್ಲಿ ಬಟ್ಟೆಯ ಹೊಲಿಗೆ ನೋಡುವವರಂತೆ ನಿಧಾನವಾಗಿ ನೋಡಿದರು. ಆಮೇಲೆ ಹೇಳಿದ ಮಾತುಗಳು ನನಗೆ ಈಗಲೂ ಅವೇ ಅಕ್ಷರಗಳಲ್ಲಿ ನೆನಪಿವೆ.

"ಬ್ರದರ್ ಪ್ರುಯಿಟ್, ನಿಮ್ಮ ಕೂಡೋ ಲೆಕ್ಕದಲ್ಲಿ ತಪ್ಪಿಲ್ಲ. ಆದ್ರೆ ಇದ್ರಲ್ಲಿ ಬರೀ ಅಪ್ಪಂದಿರೇ ಇದಾರೆ. ಇಷ್ಟು ಜನ ಹುಟ್ಟಿದಾರೆ, ಹೆತ್ತವಳು ಒಬ್ಬಳೂ ಇಲ್ಲ. ಹೆತ್ತವರನ್ನ ಬಿಟ್ಟು ಮಾಡಿದ ಲೆಕ್ಕಕ್ಕೆ ನಾನು ದೇವರ ಮುಂದೆ ಸಾಕ್ಷಿ ನಿಲ್ಲಲಾರೆ. ಕಾಲೇಜಿನವರ ಲೆಕ್ಕಕ್ಕೂ ನಿಲ್ಲಲ್ಲ, ಅದು ನಂಗೆ ತಿಳಿಯಲ್ಲ. ದೇವರು ಮಾಡಿದಾನೆ, ಅಷ್ಟು ಗೊತ್ತು. ಯಾವಾಗ ಅಂತ ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದಕ್ಕೆ ನಿರ್ಣಯದಲ್ಲಿ ಜಾಗ ಇಲ್ಲ ಸಿಸ್ಟರ್" ಎಂದರು ಪಾಸ್ಟರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ವಿನಂತಿಯಿತ್ತು.

"ಅದೂ ಒಂದು ಮಾತು" ಎಂದು ಓರ್ಫಾ ಕೂತರು. ತರಗತಿ ಹೋಯಿತು.

ನಮಗೆ ಹೊಸ ಶಿಕ್ಷಕರಾಗಿ ಡೀಕನ್ ವಿರ್ಜಿಲ್ ಬಂದರು. ಒಳ್ಳೆಯ ಮನುಷ್ಯ. ಅವರ ಬಳಿ ಪ್ರತಿ ಪ್ರಶ್ನೆಗೂ ಉತ್ತರವಿತ್ತು, ಆದ್ದರಿಂದ ಕೆಲವೇ ವಾರಗಳಲ್ಲಿ ನಾವು ಪ್ರಶ್ನೆ ಕೇಳುವುದನ್ನು ಬಿಟ್ಟೆವು. ಪಾಠ ಮುಗಿದೊಡನೆ ಒಬ್ಬೊಬ್ಬರಾಗಿ ನೆಲಮಾಳಿಗೆಗೆ ಇಳಿಯುತ್ತಿದ್ದೆವು. ಮೊದಲು ನಾನು, ಆಮೇಲೆ ವಾಲ್ಟನ್, ಆಮೇಲೆ ಪಾಸ್ಟರರ ಸ್ವಂತ ಮಗಳು ಟ್ವೈಲಾ. ಅವಳು ಓರ್ಫಾ ಕೊಟ್ಟ ಆಲೂಗಡ್ಡೆಯನ್ನು ಸಿಪ್ಪೆಗಿಂತ ತಿರುಳೇ ಹೆಚ್ಚು ಹೋಗುವಂತೆ ಸುಲಿಯುತ್ತಿದ್ದಳು. "ನಿಂಗೆ ಆಲೂಗಡ್ಡೆ ಮೇಲೆ ಏನೇ ಹಗೆ?" ಎಂದು ಓರ್ಫಾ ಅವಳನ್ನು ರೇಗಿಸುತ್ತಿದ್ದರು.

ಅಡಿಗೆಮನೆಯ ಹಿಂಬಾಗಿಲಿನ ಮೆಟ್ಟಿಲು ಹಳ್ಳದಿಂದ ತಂದ ಅಗಲವಾದ ಒಂದೇ ಸುಣ್ಣಕಲ್ಲು. ಅದರ ತುಂಬ ಚಿಪ್ಪುಗಳು. ನಾವು ಅದರ ಮೇಲೆ ಕೂತು ಬೀನ್ಸ್ ಬಿಡಿಸುವಾಗ ಟ್ವೈಲಾ ಒಂದು ದಿನ ಕೇಳಿದಳು: "ಇವೆಲ್ಲ ಪ್ರಳಯದ ನೆರೆಯಲ್ಲಿ ಬಂದಿದ್ದು ಅಂತ ಡ್ಯಾಡಿ ಹೇಳ್ತಾರೆ. ಹೌದಾ ಮಿಸ್ ಓರ್ಫಾ?"

"ಇರಬಹುದು. ನಾನು ನೆರೆ ಬಂದ ಮನೆ ತೊಳೆದಿದೀನಿ, ಈ ಹಳ್ಳ ನಮ್ಮ ಮನೆಯೊಳಗೆ ಬಂದಾಗ. ಕುರ್ಚಿ, ಕೋಳಿ, ಉಪ್ಪಿನಕಾಯಿ ಜಾಡಿ, ಪಕ್ಕದ ಮನೆಯ ಕೀರ್ತನೆ ಪುಸ್ತಕ, ಎಲ್ಲ ಕಲಸುಮೇಲೋಗರ. ಇಲ್ಲಿ ನೋಡು, ಒಂದು ಪದರ ಚಿಪ್ಪು, ಒಂದು ಪದರ ಮಣ್ಣು, ಮತ್ತೆ ಚಿಪ್ಪು. ಮಡಿಸಿಟ್ಟ ಬಟ್ಟೆ ಥರ." ಅವರು ಸ್ವಲ್ಪ ತಡೆದು ಸೇರಿಸಿದರು: "ಆದ್ರೆ ನಾನು ತೊಳೆದಿದ್ದು ಸಣ್ಣ ನೆರೆ ಕಣೆ. ದೇವರ ನೆರೆ ಹೇಗಿರುತ್ತೋ ನಂಗೇನ್ ಗೊತ್ತು. ನೀನು ನೋಡ್ತಾ ಇರು. ನಿನ್ನ ಕಣ್ಣು ನನ್ನದಕ್ಕಿಂತ ಚುರುಕು."

ಈ ಮಾತು ಟ್ವೈಲಾಳ ಬಾಯಿಂದ ಅವಳ ಮನೆಯ ಊಟದ ಮೇಜಿಗೆ ಹೋಗದೆ ಇರುತ್ತದೆಯೇ? ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಬ್ರದರ್ ಪ್ರುಯಿಟ್ ನೆಲಮಾಳಿಗೆಗೆ ಇಳಿದು ಬಂದರು. ನಾನು ಮೆಟ್ಟಿಲ ಮೇಲಿದ್ದೆ, ಬಾಗಿಲು ತೆರೆದಿತ್ತು.

"ಸಿಸ್ಟರ್ ಓರ್ಫಾ, ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಹ್ಞೂ, ಆ ಲೋಟಗಳನ್ನ ಒರೆಸ್ತಾ ಮಾತಾಡಿ. ಗಾಜು, ಹುಷಾರು."

ಪಾಸ್ಟರ್ ಒರೆಸಿದರು. ಅವರ ಹೆಂಡತಿ ಲೊರೀನಾ ಅಲ್ಲೇ ಒಲೆಯ ಬಳಿ ಇದ್ದವಳು, ಗಂಡನ ಕೈಯಲ್ಲಿ ಬಟ್ಟೆ ಕಂಡು ಹುಬ್ಬೇರಿಸಿ ಬೆನ್ನು ತಿರುಗಿಸಿದಳು. ಒಂದೆರಡು ಲೋಟಗಳ ನಂತರ ಅವರು ಆ ಸೌಮ್ಯವಾದ ನಡುಕದ ದನಿಯಲ್ಲಿ ಹೇಳತೊಡಗಿದರು. ಅವರಿಗೊಬ್ಬ ಅಣ್ಣನಿದ್ದನಂತೆ. ತುಂಬ ಭಕ್ತ. ಕಾಲೇಜಿಗೆ ಹೋದ, ಮೊದಲ ಪುಟವನ್ನು ಬಿಟ್ಟ, ಆಮೇಲೆ ಒಂದೊಂದೇ ಪುಟ ಬಿಟ್ಟ. ಅಮ್ಮ ಸತ್ತಾಗ ಚರ್ಚಿನ ಹೊರಗೆ ಕಾರಿನಲ್ಲೇ ಕೂತಿದ್ದ, ಒಳಗೆ ಬರಲಿಲ್ಲ. "ಟ್ವೈಲಾ ಹಾಗೆ ಕಾರಲ್ಲಿ ಕೂತಿರೋದನ್ನ ನಾನು ನೋಡಲಾರೆ ಸಿಸ್ಟರ್. ಅಷ್ಟೇ ನಂಗಿರೋ ಹೆದರಿಕೆ."

ಓರ್ಫಾ ಇನ್ನೊಂದು ಲೋಟ ತೊಳೆದು ಅವರತ್ತ ಸರಿಸಿದರು. ಆಮೇಲೆ ಕೇಳಿದರು: "ನಿಮ್ಮ ಅಣ್ಣಂಗೆ ಯಾರಾದ್ರೂ 'ನಂಗೊತ್ತಿಲ್ಲಪ್ಪ, ಆದ್ರೂ ಒಳಗೆ ಬಾ' ಅಂತ ಹೇಳಿದ್ರಾ?"

ಪಾಸ್ಟರ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿದರು. ಹೋಗುವಾಗ ಮಾತ್ರ ಹೇಳಿದರು: "ಡೀಕನ್ನರು ಕೇಳ್ತಾ ಇದಾರೆ. ಬುಧವಾರ ವಿಷಯ ಸಭೆಗೆ ಬರುತ್ತೆ. ನಾನು ತಡೆಯಲ್ಲ."

ಆ ಬುಧವಾರ ನಾನು ಅಪ್ಪನ ಪಕ್ಕ, ಉಗುರು ಕಚ್ಚುತ್ತಾ ಕೂತಿದ್ದೆ. ಮೇಲಿನ ಕೋಣೆಯನ್ನು ಕಳೆದುಕೊಂಡಾಗಿತ್ತು. ಕೆಳಗಿನದೂ ಹೋದರೆ ನಾನು ಇನ್ನು ಯಾರನ್ನು ಕೇಳಲಿ? ಡೀಕನ್ ವಿರ್ಜಿಲ್ ಎದ್ದು, ಅಡಿಗೆಮನೆಯಲ್ಲಿ ಪಾಠ ನಡೆಯುತ್ತಿದೆ, ಅದು ನಿರ್ಣಯದ ಉಲ್ಲಂಘನೆ ಎಂದರು. ಆದರೆ ಕಾರ್ಯದರ್ಶಿಯೂ ಅವರೇ. ಬರೆದದ್ದನ್ನು ಬರೆದಂತೆ ಓದಬೇಕಾದವರೂ ಅವರೇ. ಓದಿದರು. 'ತರಗತಿಯ ಕೋಣೆ' ಎಂದಿತ್ತು. ಭೂಮಿಯ ಹುಟ್ಟನ್ನು ಮೂಲೆಮೂಲೆಯಿಂದ ಅಳೆದು ಆ ನಿರ್ಣಯ ಬರೆದ ಗಂಡಸರಲ್ಲಿ ಒಬ್ಬರಿಗೂ, ತಾವು ವಾರಕ್ಕೆ ಎರಡು ಸಲ ಉಣ್ಣುವ ಊಟ ಬರುವ ಕೋಣೆಯಲ್ಲಿ ಯಾರಾದರೂ ಏನಾದರೂ ಕಲಿಸಬಹುದೆಂದು ಹೊಳೆದಿರಲಿಲ್ಲ.

"ಹಾಗಾದ್ರೆ ಅಡಿಗೆಮನೆಯನ್ನೂ ಸೇರಿಸಬೇಕು ಅಂತ ನಾನು ಮಂಡಿಸ್ತೀನಿ" ಎಂದರು ವಿರ್ಜಿಲ್. "ಅಲ್ಲಿ ಕೆಲಸ ಮಾಡೋರೆಲ್ಲ ಎದ್ದು ನಿಂತು ಹೇಳ್ಬೇಕು."

ಹಿಂದಿನ ಬೆಂಚಿನಿಂದ ಅವರ ಸ್ವಂತ ತಾಯಿ, ಊರುಗೋಲಿನ ಲೂಟಿ ಮ್ಯಾಗರ್ಡ್, ಎದ್ದು ನಿಂತರು. ಅಡಿಗೆಮನೆಯಲ್ಲಿ ಓರ್ಫಾಗಿಂತ ಹಳಬರು.

"ನಾನೂ ಹೇಳ್ಬೇಕೇನೋ ವಿರ್ಜಿಲ್?"

"ಅಮ್ಮಾ, ಅದು ಬರೀ ಒಂದು ಪದ್ಧತಿ..."

"ನಾನು ಆರು ಸಾವಿರ ಅಂತಲೇ ನಂಬಿರೋಳು. ನಂಬಿಕೆ ವಿಷಯ ಅಲ್ಲ. ನಿಂಗೆ ಹಾಲುಣಿಸೋವಾಗ ಯಾರೂ ನನ್ನ ಎದ್ದು ನಿಲ್ಲಿಸಿ ಭೂಮಿ ವಯಸ್ಸು ಕೇಳಿರ್ಲಿಲ್ಲ. ಈಗ ಆಲೂಗಡ್ಡೆ ಸುಲಿಯೋಕೆ ಕೇಳ್ತೀರಾ? ಕೇಳಿ. ಆದ್ರೆ ಹೋಮ್‌ಕಮಿಂಗ್ ಊಟಕ್ಕೆ ಆಲೂಗಡ್ಡೆ ನೀವೇ ಸುಲ್ಕೊಳ್ಳಿ."

ಊರು ಬಿಟ್ಟುಹೋದವರೆಲ್ಲ ವರ್ಷಕ್ಕೊಮ್ಮೆ ಚರ್ಚಿಗೆ ಮರಳಿ ಬಂದು ಉಣ್ಣುವ ಆ ಹಬ್ಬ ಹತ್ತಿರವೇ ಇತ್ತು. ಲೂಟಿ ಕೂತರು. ಅಡಿಗೆಮನೆಯ ಹೆಂಗಸರು ಒಬ್ಬೊಬ್ಬರಾಗಿ ಕೈಕಟ್ಟಿಕೊಂಡರು. ಅವರಲ್ಲಿ ಬಹುಪಾಲು ಲೂಟಿಯಂತೆಯೇ ಆರು ಸಾವಿರದವರು. ಪಾಸ್ಟರರ ಹೆಂಡತಿ ಲೊರೀನಾಳೂ ಕೈಕಟ್ಟಿಕೊಂಡಳು.

"ಅನುಮೋದಿಸುವವರು?" ಎಂದರು ಬ್ರದರ್ ಪ್ರುಯಿಟ್.

ಗಂಡಸರು ತಮ್ಮ ತಮ್ಮ ಹೆಂಡಿರ ಕೈಗಳನ್ನು ನೋಡಿದರು. ಯಾರೋ ಕೆಮ್ಮಿದರು. ಪಾಸ್ಟರ್ ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವ ಮೊದಲು ಅವರು ತಮ್ಮ ಮಗಳ ಮುಖವನ್ನು ಒಂದು ಕ್ಷಣ ನೋಡಿದ್ದನ್ನು ನಾನು ಕಂಡೆ. ಡಾರ್ಸಿ ಟ್ಯಾಕೆಟ್ ಈ ಸಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

"ಅನುಮೋದನೆ ಇಲ್ಲದ್ದರಿಂದ ನಿರ್ಣಯ ಬಿದ್ದುಹೋಯಿತು" ಎಂದು ಪಾಸ್ಟರ್ ಹೇಳಿದಾಗ, ಅವರ ದನಿಯ ನಡುಕ ನಿಂತಿತ್ತು.

ಓರ್ಫಾ ಅವರಿಗೆ ಮೇಲಿನ ತರಗತಿ ಮರಳಿ ಸಿಗಲಿಲ್ಲ. ಅವರು ಕೇಳಲೂ ಇಲ್ಲ. ಅಡಿಗೆಮನೆಯಲ್ಲಿ, ಮೊದಲು ನಾವು, ಆಮೇಲೆ ನಮ್ಮ ತಮ್ಮಂದಿರು, ತಂಗಿಯರು, ಒಂದು ಪೀಳಿಗೆಯೇ ತಟ್ಟೆ ಒರೆಸಿತು. ಅವರು ಕೊನೆಯ ಸಲ ಹಾಸಿಗೆ ಹಿಡಿದಾಗ ನಾನು ನೋಡಲು ಹೋದೆ. ಡಾರ್ಸಿ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತು ಗ್ರೇವಿ ಕದಡುತ್ತಿದ್ದರು, ಗಂಟು ಗಂಟಾಗಿ. ಹಾಸಿಗೆಯಿಂದ ದನಿ ಬಂತು: "ನಿಧಾನ ಕದಡು ಡಾರ್ಸಿ, ಭುಜ ನೋವು ಬಂದೀತು." ಡಾರ್ಸಿ ನನ್ನತ್ತ ತಿರುಗಿ, "ಇಷ್ಟು ವರ್ಷ ಆದ್ರೂ ಬಿಡಲ್ಲ ನೋಡು ಇವ್ಳು" ಎಂದರು, ಹೆಮ್ಮೆಯಿಂದಲೆಂಬಂತೆ.

ಟ್ವೈಲಾ ಇಂದು ಇನ್ನೊಂದು ಕೌಂಟಿಯಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಾಳೆ. ತನ್ನ ದೊಡ್ಡಪ್ಪನನ್ನು ಹುಡುಕಿ ಹೋಗಿ, ಕ್ರಿಸ್‌ಮಸ್ಸಿಗೆ ಮನೆಗೆ ಕರೆತಂದವಳೂ ಅವಳೇ. ವಾಲ್ಟನ್ ಗಣಿಯಲ್ಲಿದ್ದಾನೆ, ಚರ್ಚಿಗೆ ಹೋಗುವುದಿಲ್ಲ, ಹೋಗುವವರನ್ನು ಹಂಗಿಸುವುದೂ ಇಲ್ಲ. ನಾನು ಕೌಂಟಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ನಲವತ್ತೈದು ಕೋಟಿ ವರ್ಷದ ಕಲ್ಲುಗಳನ್ನು ಮಕ್ಕಳ ಕೈಗಿಡುತ್ತೇನೆ. ಭಾನುವಾರ, ಚರ್ಚಿನಲ್ಲಿ ಅಮ್ಮನ ಗೋರಿ ಕಾಣುವ ಕಿಟಕಿಯ ಬಳಿ ನಿಂತು, ಕೀರ್ತನೆ ಹಾಡುತ್ತೇನೆ. ಅಮ್ಮ ಎಲ್ಲಿದ್ದಾಳೆಂಬ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯೂ ಇಲ್ಲ.

ಭೂಮಿಯ ವಯಸ್ಸಿನ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ, ಬೇಗ ಮುಗಿಯುವಂತೆಯೂ ಕಾಣುವುದಿಲ್ಲ. ಅದರ ಚರಿತ್ರೆಯನ್ನು ಬರೆಯುವವರು ಈ ಕಡೆಯ ಹೆಸರುಗಳನ್ನೂ ಆ ಕಡೆಯ ಹೆಸರುಗಳನ್ನೂ ಬರೆಯುತ್ತಾರೆ. ಓರ್ಫಾ ಟ್ಯಾಕೆಟ್ ಅಂಥವರ ಹೆಸರು ಎರಡರಲ್ಲೂ ಇರುವುದಿಲ್ಲ. ಎರಡು ಕಡೆಯವರಿಗೂ ಬಡಿಸಿದವರು ಅವರು. ಇಂಥವರಿಗೆ ತಮ್ಮ ದೇವರಲ್ಲಿ ಎಷ್ಟು ಭರವಸೆಯಿರುತ್ತದೆಂದರೆ, ಅವನ ಪರವಾಗಿ ಎಲ್ಲ ಉತ್ತರಗಳನ್ನೂ ತಾವೇ ಕೊಡಬೇಕೆಂಬ ಅವಸರ ಅವರಿಗಿರುವುದಿಲ್ಲ. ಗೊತ್ತಿಲ್ಲವೆಂಬ ಮಾತನ್ನು ಅವರು ತಲೆತಗ್ಗಿಸದೆ ಹೇಳುತ್ತಾರೆ, ಹೇಳಿ ಮುಂದಿನ ಹೊತ್ತಿನ ಊಟಕ್ಕೆ ಎಸರು ಇಡುತ್ತಾರೆ. ಅವರ ಬಳಿ ಬೆಳೆದ ಮಕ್ಕಳಲ್ಲಿ ಕೆಲವರಿಗೆ ನಂಬಿಕೆ ಉಳಿಯುತ್ತದೆ, ಕೆಲವರಿಗೆ ಹೋಗುತ್ತದೆ. ಹೆದರಿಕೆ ಮಾತ್ರ ಯಾರಲ್ಲೂ ಉಳಿಯುವುದಿಲ್ಲ.